ಆಯಿಲ್ ಪೇಂಟಿಂಗ್‌ನ ಪದರ ಪದರವಾಗಿ ಕಟ್ಟೋದು ಹೇಗೆ: ಒಂದು ಹಿತ್ತಾಳೆ ಚೊಂಬು, ಒಂದು ಇಳಕಲ್ ಸೆರಗು

ವಾರಕ್ಕೊಬ್ರಾದ್ರೂ ಇದೇ ಪ್ರಶ್ನೆ ಕಳಿಸ್ತಾರೆ: "ನಿಮ್ಮ ಚಿತ್ರದಲ್ಲಿ ಕೆಂಪು ಒಳಗಿಂದ ಹೊಳ್ದಂಗಿರತ್ತೆ, ನಮ್ದು ಗೇಟಿಗೆ ಪೇಂಟ್ ಬಳ್ದಂಗೆ ಕಾಣತ್ತೆ, ಯಾವ ಕಂಪನಿ ಕಲರ್ ತಗೋತೀರಾ?" ಕಂಪನಿ ವಿಷಯ ಅಲ್ಲ ಇದು. ಆ ಕೆಂಪು ಒಂದೇ ಸಲ ಹಚ್ಚಿದ ಕೆಂಪಲ್ಲ, ಕೆಳಗಡೆ ಕಂದು, ಅದರ ಮೇಲೆ ಬೂದು, ಅದರ ಮೇಲೆ ಇಟ್ಟಿಗೆ ಬಣ್ಣ, ಅದರ ಮೇಲೆ ಬಣ್ಣದ ಗಾಜಿನ ಥರ ತೆಳ್ಳಗೆ ಕ್ರಿಮ್ಸನ್ ಎರಡು ಸಲ, ಹೀಗೆ ಐದು ಪದರ ಸೇರಿ ಆಗಿರೋ ಕೆಂಪು. ಇದನ್ನ ಒಬ್ಬೊಬ್ರಿಗೂ ವಾಯ್ಸ್ ಮೆಸೇಜಲ್ಲಿ ಹೇಳಿ ಹೇಳಿ ಸಾಕಾಗಿ, ಜನವರಿ ಕೊನೇಲಿ ಶುರು ಮಾಡಿದ ಒಂದು ಚಿತ್ರ ಇಟ್ಕೊಂಡು ಇಲ್ಲಿ ಮೊದಲಿಂದ ಬರೀತಿದೀನಿ. 16x20 ಇಂಚಿನ ಕ್ಯಾನ್ವಾಸ್, ಒಂದು ಹಿತ್ತಾಳೆ ಚೊಂಬು, ಅದರ ಕೆಳಗೆ ಹಾಸಿರೋ ಇಳಕಲ್ ಸೀರೆ ಸೆರಗು. ಬ್ರಷ್ ಹಿಡಿದಿದ್ದು ಒಟ್ಟು 20 ಗಂಟೆ ಇರ್ಬೋದು, ಮುಗಿಯೋಕೆ ಹಿಡಿದಿದ್ದು 7 ವಾರ. ಮಿಕ್ಕಿದ್ದೆಲ್ಲ ಕಾದಿದ್ದೇ.

ಎಣ್ಣೆ ಬಣ್ಣ "ಒಣಗೋದು" ಅಂದ್ರೆ ಏನು

ಇದೊಂದು ಗೊತ್ತಾದ್ರೆ ಅರ್ಧ ತಪ್ಪು ತಾನಾಗೇ ನಿಲ್ಲತ್ತೆ. ತಂತಿ ಮೇಲೆ ಹಾಕಿದ ಬಟ್ಟೆ ಒಣಗೋದು ನೀರು ಆರಿಹೋಗಿ. ಆಯಿಲ್ ಕಲರ್ ಹಾಗಲ್ಲ, ಅದರಲ್ಲಿರೋ ಅಗಸೆ ಎಣ್ಣೆ, ಅಂಗಡೀಲಿ ಲಿನ್ಸೀಡ್ ಆಯಿಲ್ ಅಂತ ಕೇಳಿ ತಗೋತೀವಲ್ಲ ಅದು, ಎಲ್ಲೂ ಹಾರಿಹೋಗಲ್ಲ. ಗಾಳಿಯಿಂದ ಆಕ್ಸಿಜನ್ ಎಳ್ಕೊಂಡು ಗಟ್ಟಿಯಾಗತ್ತೆ, ಶುರುವಿನಲ್ಲಿ ತೂಕ ಕೂಡ ಸ್ವಲ್ಪ ಜಾಸ್ತಿನೇ ಆಗತ್ತೆ. ಅಡುಗೆಮನೇಲಿ ಎಣ್ಣೆ ಡಬ್ಬದ ಹೊರಗಡೆ ದಿನ ಕಳೆದಂಗೆ ಗೋಂದಿನ ಥರ ಜಿಗುಟು ಕಟ್ಕೊಳತ್ತಲ್ಲ, ಹತ್ತಿರ ಹತ್ತಿರ ಅದೇ ಕತೆ. ಅದಕ್ಕೇ ಹೇರ್ ಡ್ರೈಯರ್ ಹಿಡಿದು ಏನೂ ಉಪಯೋಗ ಇಲ್ಲ, ಫ್ಯಾನ್ ಗಾಳಿ, ಬೆಳಕು ಇದ್ರೆ ಸಾಕು.

ಇನ್ನೊಂದು, ಎಲ್ಲಾ ಬಣ್ಣನೂ ಒಂದೇ ಸ್ಪೀಡಲ್ಲಿ ಒಣಗಲ್ಲ. ಬರ್ನ್ಟ್ ಅಂಬರ್, ರಾ ಅಂಬರ್ ಅನ್ನೋ ಕಂದು ಬಣ್ಣಗಳು ಬೇಗ ಒಣಗತ್ತೆ, ಅದರಲ್ಲಿ ಮ್ಯಾಂಗನೀಸ್ ಇರತ್ತೆ, ಅದು ಎಣ್ಣೆನ ಬೇಗ ಗಟ್ಟಿ ಮಾಡತ್ತೆ. ಐವರಿ ಬ್ಲ್ಯಾಕ್, ಅಲಿಝರಿನ್ ಕ್ರಿಮ್ಸನ್ ಎರಡೂ ಸೋಮಾರಿಗಳು. ಟೈಟೇನಿಯಂ ವೈಟೂ ನಿಧಾನವೇ, ಯಾಕಂದ್ರೆ ಬಿಳಿ ಬಣ್ಣ ಹಳದಿ ಆಗ್ದಿರ್ಲಿ ಅಂತ ಎಷ್ಟೋ ಕಂಪನಿಯವ್ರು ಅದನ್ನ ಕುಸುಬೆ ಎಣ್ಣೇಲಿ ಅರೀತಾರೆ. ಹೌದು, ಉತ್ತರ ಕರ್ನಾಟಕದ ಕಡೆ ಅಡುಗೆಗೆ ಹಾಕೋ ಅದೇ ಕುಸುಬೆ.

ಏನೇನು ಬೇಕು

ಬಣ್ಣ ಜಾಸ್ತಿ ಬೇಡ. ಬರ್ನ್ಟ್ ಅಂಬರ್, ಯೆಲ್ಲೋ ಓಕರ್, ರಾ ಸಿಯೆನಾ, ಬರ್ನ್ಟ್ ಸಿಯೆನಾ, ಲೈಟ್ ರೆಡ್, ಒಂದು ಪಾರದರ್ಶಕ ಕ್ರಿಮ್ಸನ್, ಅಲ್ಟ್ರಾಮರೀನ್ ನೀಲಿ, ಟೈಟೇನಿಯಂ ವೈಟ್, ಒಂಚೂರು ಲೆಮನ್ ಯೆಲ್ಲೋ. ಈ ಚಿತ್ರಕ್ಕೆ ಕಪ್ಪು ಟ್ಯೂಬ್ ತೆಗೀಲೇ ಇಲ್ಲ, ಅಂಬರ್ ಜೊತೆ ಅಲ್ಟ್ರಾಮರೀನ್ ಬೆರೆಸಿದ್ರೆ ಕಪ್ಪಿಗಿಂತ ಚೆನ್ನಾಗಿರೋ ಕತ್ತಲೆ ಬರತ್ತೆ. ಕ್ಯಾಮೆಲ್ ಟ್ಯೂಬಲ್ಲೇ ಶುರು ಮಾಡಿ, ಪರವಾಗಿಲ್ಲ, ಮೇಲೆ ಬಣ್ಣದ ಗಾಜಿನ ಥರ ತೆಳ್ಳಗೆ ಹಚ್ಚೋ ಪದರ, ಅಂದ್ರೆ ಗ್ಲೇಜ್‌ಗೆ ಬಳಸೋ ಕ್ರಿಮ್ಸನ್ ಒಂದನ್ನ ಮಾತ್ರ ಒಳ್ಳೇದು ತಗೊಳಿ, ಅದ್ಯಾಕೆ ಅಂತ ಮುಂದೆ ಹೇಳ್ತೀನಿ.

ಟ್ಯೂಬ್ ಮೇಲೆ ಕೆಲವು ಕಂಪನಿಯವ್ರು ಒಂದು ಪುಟ್ಟ ಚೌಕ ಹಾಕಿರ್ತಾರೆ. ಖಾಲಿ ಚೌಕ ಅಂದ್ರೆ ಪಾರದರ್ಶಕ, ಅರ್ಧ ತುಂಬಿದ್ರೆ ಮಧ್ಯಮ, ಪೂರ್ತಿ ಕಪ್ಪಿದ್ರೆ ಕೆಳಗಿರೋದನ್ನ ಮುಚ್ಚೋ ಬಣ್ಣ. ಲೇಯರ್ ಕೆಲಸಕ್ಕೆ ಬಣ್ಣದ ಹೆಸರಿಗಿಂತ ಈ ಚೌಕ ಮುಖ್ಯ. ಚೌಕ ಇಲ್ದಿದ್ರೆ ಬಿಳಿ ಕಾಗದದ ಮೇಲೆ ಪೆನ್ನಲ್ಲಿ ದಪ್ಪ ಗೆರೆ ಎಳೆದು ಅದರ ಮೇಲೆ ಬಣ್ಣನ ತೆಳ್ಳಗೆ ಎಳೀರಿ, ಗೆರೆ ಕಂಡ್ರೆ ಪಾರದರ್ಶಕ.

ಲಿನ್ಸೀಡ್ ಆಯಿಲ್ ಕಲೆ ಸಾಮಾನಿನ ಅಂಗಡಿಯಲ್ಲೇ ತಗೊಳಿ. ಗಾಣದ ಅಗಸೆ ಎಣ್ಣೆ ತಿನ್ನೋಕೆ ಚೆನ್ನಾಗಿರತ್ತೆ, ಚಿತ್ರಕ್ಕಲ್ಲ, ಅದರಲ್ಲಿ ಲೋಳೆ ಅಂಶ ಉಳ್ಕೊಂಡಿರತ್ತೆ, ಶುದ್ಧ ಮಾಡಿರಲ್ಲ. ಹಾರ್ಡ್‌ವೇರ್ ಅಂಗಡೀಲಿ ಬಾಯ್ಲ್ಡ್ ಲಿನ್ಸೀಡ್ ಅಂತ ಸಿಗತ್ತಲ್ಲ ಅದೂ ಬೇಡ, ಬೇಗ ಒಣಗ್ಲಿ ಅಂತ ಕೆಮಿಕಲ್ ಸೇರಿಸಿರ್ತಾರೆ, ಮರಕ್ಕೆ ಸರಿ, ಚಿತ್ರ ಕಂದಾಗತ್ತೆ. ಬಣ್ಣ ನೀರಾಗಿಸೋ ಟರ್ಪೆಂಟೈನಿಗೂ (ನಾವು ಟರ್ಪ್ಸ್ ಅಂತೀವಿ) ಇದೇ ಮಾತು, ಕಲೆ ಸಾಮಾನಿನ ಅಂಗಡೀದೇ ತಗೊಳಿ. ಜೊತೆಗೆ ಹಂದಿಕೂದಲಿನ ಒರಟು ಬ್ರಷ್ ಎರಡು, ಮೆತ್ತಗಿನ ಸಿಂಥೆಟಿಕ್ ಮೂರು, ಒಂದು ಅಗಲವಾದ ಒಣ ಬ್ರಷ್, ಹಳೇ ಬನಿಯನ್ ಬಟ್ಟೆ, ಮುಚ್ಚಳ ಇರೋ ಒಂದು ಟಿನ್.

ಆ ಟಿನ್ ಯಾಕೆ ಅಂದ್ರೆ, ದಯವಿಟ್ಟು ಇದನ್ನ ಸ್ಕಿಪ್ ಮಾಡ್ಬೇಡಿ, ಲಿನ್ಸೀಡ್ ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ತಾನಾಗೇ ಬೆಂಕಿ ಹತ್ಕೋಬೋದು. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟತ್ತೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ. ಕೆಲಸ ಮುಗೀತಿದ್ದಂಗೆ ನೀರು ತುಂಬಿದ ಟಿನ್‌ಗೆ ಹಾಕಿ ಮುಚ್ಚಿ, ಇಲ್ಲಾಂದ್ರೆ ಹೊರಗಡೆ ತಂತಿ ಮೇಲೆ ಬಿಡಿಸಿ ಹರವಿ.

ಒಂದೇ ಒಂದು ನಿಯಮ

ಇಂಗ್ಲಿಷ್ ವಿಡಿಯೋಗಳಲ್ಲಿ "ಫ್ಯಾಟ್ ಓವರ್ ಲೀನ್" ಅಂತಾರಲ್ಲ, ಅದನ್ನ ಕನ್ನಡದಲ್ಲಿ ಹೇಳೋದಾದ್ರೆ ಕೆಳಗೆ ಒಣಕಲು, ಮೇಲೆ ಜಿಡ್ಡು. ಪ್ರತಿ ಪದರದಲ್ಲೂ ಕೆಳಗಿನದಕ್ಕಿಂತ ಎಣ್ಣೆ ಒಂಚೂರು ಜಾಸ್ತಿ ಇರ್ಬೇಕು. ಜಿಡ್ಡಿನ ಪದರ ನಿಧಾನ ಒಣಗತ್ತೆ, ಒಣಗುವಾಗ ಅಲುಗಾಡ್ತಾ ಇರತ್ತೆ, ಅದರ ಮೇಲೆ ಬೇಗ ಬಿಗಿಯೋ ಪದರ ಕೂರಿಸಿದ್ರೆ ಬೇಸಿಗೇಲಿ ಕೆರೆ ಅಂಗಳ ಸೀಳೋ ಥರ ಸೀಳತ್ತೆ. ಅದೂ ತಕ್ಷಣ ಅಲ್ಲ, ಚಿತ್ರ ಯಾರಿಗೋ ಕೊಟ್ಟು ಎರಡು ವರ್ಷ ಆದ್ಮೇಲೆ, ಅವ್ರು ಫೋಟೋ ಕಳಿಸ್ದಾಗ ಗೊತ್ತಾಗೋದು.

ನಾನು ಹಾಕೋ ಅಳತೆ: ಮೊದಲ ಪದರಕ್ಕೆ ಬರೀ ಟರ್ಪ್ಸ್. ಎರಡನೇದಕ್ಕೆ ಟ್ಯೂಬಿಂದ ಬಂದಂಗೆ. ಮೂರನೇದಕ್ಕೆ 3 ಭಾಗ ಟರ್ಪ್ಸ್‌ಗೆ 1 ಭಾಗ ಎಣ್ಣೆ ಸೇರಿಸಿದ ಮೀಡಿಯಂ, ಅಂದ್ರೆ ಬಣ್ಣ ಸಡಿಲ ಮಾಡೋ ದ್ರವ. ಆಮೇಲೆ 2ಕ್ಕೆ 1. ಕೊನೆಗೆ ಸಮಸಮ. ಮೀಡಿಯಂ ಬಣ್ಣದ ಐದನೇ ಒಂದು ಭಾಗ ದಾಟಬಾರ್ದು, ಗ್ಲೇಜ್ ಒಂದಕ್ಕೆ ಮಾತ್ರ ಸ್ವಲ್ಪ ಹೆಚ್ಚು, ಅದನ್ನೂ ಬಟ್ಟೇಲಿ ಒರೆಸಿ ತೆಳ್ಳಗೆ ಮಾಡೇ ಬಿಡೋದು. ಎಣ್ಣೆ ಸುರಿದ್ರೆ ಹೊಳಪು ಬರತ್ತೆ ಅನ್ಕೊಂಡು ಸುರಿಯೋರಿದಾರೆ, ಮೇಲೆ ಹಾಲಿನ ಕೆನೆ ಥರ ಸುಕ್ಕು ಕಟ್ಟತ್ತೆ ಅಷ್ಟೇ.

ಹಂತ 1: ಕ್ಯಾನ್ವಾಸ್ ತಯಾರಿ

ರೆಡಿಮೇಡ್ ಪ್ರೈಮ್ಡ್ ಕ್ಯಾನ್ವಾಸ್ ಆದ್ರೂ ಮೇಲೊಂದು ಅಕ್ರಿಲಿಕ್ ಜೆಸ್ಸೋ, ಅಂದ್ರೆ ಬಿಳಿ ಅಸ್ತರಿ, ಹೊಡೀರಿ. ಒಣಗಿದ್ಮೇಲೆ ಸಣ್ಣ ಸ್ಯಾಂಡ್‌ಪೇಪರಲ್ಲಿ ಮೆತ್ತಗೆ ಉಜ್ಜಿ. ಗೋಡೆ ಪ್ರೈಮರ್, ಡಿಸ್ಟೆಂಪರ್ ಬೇಡವೇ ಬೇಡ. ಅಕ್ರಿಲಿಕ್ ಮೇಲೆ ಆಯಿಲ್ ಹಚ್ಬೋದು, ಆಯಿಲ್ ಮೇಲೆ ಅಕ್ರಿಲಿಕ್ ಯಾವತ್ತೂ ಹಚ್ಬಾರ್ದು, ಸಿಪ್ಪೆ ಥರ ಎದ್ದು ಬರತ್ತೆ.

ಆಮೇಲೆ ಬಿಳಿ ಕೊಲ್ಬೇಕು. ಯೆಲ್ಲೋ ಓಕರಿಗೆ ಚಿಟಿಕೆ ಅಂಬರ್ ಸೇರಿಸಿ ಟರ್ಪ್ಸಲ್ಲಿ ನೀರಾಗಿಸಿ ಇಡೀ ಕ್ಯಾನ್ವಾಸಿಗೆ ಬಳ್ದು ಬಟ್ಟೇಲಿ ಒರೆಸ್ಬಿಡಿ, ಟೀ ಚೆಲ್ಲಿದ ಕಲೆಯಷ್ಟು ಬಣ್ಣ ಉಳಿದ್ರೆ ಸಾಕು. ಬರೀ ಬಿಳಿ ಮೇಲೆ ಯಾವ ಬಣ್ಣ ಇಟ್ರೂ ಕತ್ತಲೆಯಾಗಿ ಕಾಣತ್ತೆ, ಅಳತೆ ತಪ್ಪತ್ತೆ.

ಹಂತ 2: ಕಂದು ಪದರ

ಬರ್ನ್ಟ್ ಅಂಬರ್ ಒಂದೇ, ಟರ್ಪ್ಸ್ ಒಂದೇ. ಚೊಂಬಿನ ಆಕಾರ, ನೆರಳು ಎಲ್ಲಿ, ಸೆರಗಿನ ಮಡಿಕೆ ಎಲ್ಲಿ, ಅಷ್ಟು ಮಾತ್ರ. ಬೆಳಕು ಬೇಕಾದ ಕಡೆ ಬಟ್ಟೇಲಿ ಒರೆಸಿ ತೆಗೀರಿ. ಚೊಂಬಿನ ಕುತ್ತಿಗೆ ಎರಡೂ ಕಡೆ ಸಮ ಇದೆಯಾ ಅಂತ ಫೋನಲ್ಲಿ ಫೋಟೋ ತೆಗೆದು ಕನ್ನಡಿ ಥರ ತಿರುಗಿಸಿ ನೋಡಿ, ನಂದು ಎಡಗಡೆ ಜೋತು ಬಿದ್ದಿತ್ತು. ಡ್ರಾಯಿಂಗ್ ತಪ್ಪು ಸರಿ ಮಾಡೋಕೆ ಇದೇ ಕೊನೇ ಅವಕಾಶ, ಮುಂದೆ ಎಷ್ಟು ಪದರ ಹಾಕಿದ್ರೂ ವಕ್ರ ಚೊಂಬು ವಕ್ರವೇ.

ಟರ್ಪ್ಸ್ ವಿಪರೀತ ಆದ್ರೆ ಬಣ್ಣ ಹಿಡಿಯೋ ಎಣ್ಣೆನೇ ಇರಲ್ಲ, ಒಣಗಿದ್ಮೇಲೆ ಬೆರಳಿಗೆ ಪುಡಿ ಬರತ್ತೆ. ಹಾಗಾದ್ರೆ ಒರೆಸಿ ಮತ್ತೆ ಮಾಡಿ. ಒಣಗೋಕೆ ಮೈಸೂರಲ್ಲಿ ಫೆಬ್ರವರಿ ಬಿಸಿಲಿಗೆ 2 ದಿನ.

ಹಂತ 3: ಬೂದು ಪದರ

ಇದೇ ಚಿತ್ರದ ಬೆನ್ನೆಲುಬು, ಹೊಸಬ್ರು ಹಾರಿಸಿಬಿಡೋದೂ ಇದನ್ನೇ. ಗ್ರಿಸಾಯ್ ಅಂತ ಫ್ರೆಂಚ್ ಹೆಸರು, ಇಡೀ ಚಿತ್ರನ ಬಣ್ಣನೇ ಇಲ್ದೆ ಬೂದು ಛಾಯೆಗಳಲ್ಲಿ ಪೂರ್ತಿ ಮುಗಿಸೋದು, ಹಳೇ ಬ್ಲ್ಯಾಕ್ ಅಂಡ್ ವೈಟ್ ಫೋಟೋ ಥರ. ಅಂಬರ್, ಅಲ್ಟ್ರಾಮರೀನ್, ಬಿಳಿ ಈ ಮೂರರಿಂದ ಐದು ಬೂದು ಕಲೆಸಿ ಪ್ಯಾಲೆಟ್ಟಲ್ಲಿ ಸಾಲಾಗಿ ಇಟ್ಕೊಳಿ. ಒಂದು ಪದರಕ್ಕೆ ಒಂದೇ ಕೆಲಸ ಕೊಡಿ ಅಂತ ನಾನು ಹೇಳ್ತಿರ್ತೀನಲ್ಲ, ಇಲ್ಲಿ ಕೆಲಸ ಕತ್ತಲೆ ಬೆಳಕು ಮಾತ್ರ, ಬಣ್ಣದ ಚಿಂತೆ ಬೇಡ. ಎರಡನ್ನೂ ಒಟ್ಟಿಗೆ ಮಾಡೋಕೆ ಹೋಗೇ ಚಿತ್ರ ರಾಡಿ ಆಗೋದು.

ಎದುರಿಗಿರೋ ವಸ್ತುನ ಫೋನ್ ಕ್ಯಾಮೆರಾದ ಮೋನೋ ಫಿಲ್ಟರಲ್ಲಿ ನೋಡಿ. ನನಗೆ ಆಶ್ಚರ್ಯ ಆಗಿದ್ದು ಸೆರಗಿನ ಕೆಂಪು. ಕಣ್ಣಿಗೆ ಅಷ್ಟು ಜೋರಾಗಿ ಹೊಡೆಯೋ ಕೆಂಪು ಫಿಲ್ಟರಲ್ಲಿ ಸಾಧಾರಣ ಕಪ್ಪು ಬೂದು, ಚೊಂಬಿನ ನೆರಳಿಗೂ ಅದಕ್ಕೂ ಹೆಚ್ಚು ವ್ಯತ್ಯಾಸನೇ ಇಲ್ಲ.

ಒಂದು ಟ್ರಿಕ್ಕು: ಗ್ಲೇಜ್ ಹಾಕೋ ಜಾಗನ ಈಗ ಇರ್ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿ ಬಿಡಿ, ಯಾಕಂದ್ರೆ ಪ್ರತಿ ಗ್ಲೇಜೂ ಚಿತ್ರನ ಕತ್ತಲು ಮಾಡತ್ತೆ. ಜಗನ್ಮೋಹನ ಅರಮನೇಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರ್ತೀರಾ, ಬೆರಳ ಸಂದಿಯಿಂದ ಬೆಳಕು ಬರೋದು. ತುಂಬಾ ಜನ ಅದನ್ನ ರವಿವರ್ಮಂದು, ಆಯಿಲ್ ಪೇಂಟಿಂಗು ಅಂತ ತಿಳ್ಕೊಂಡಿದಾರೆ. ಅದು ಎಸ್.ಎಲ್. ಹಳದಣಕರ್ ಅವ್ರದ್ದು, ಮತ್ತೆ ವಾಟರ್ ಕಲರ್. ವಾಟರ್ ಕಲರಲ್ಲಿ ಬೆಳಕು ತೆಳು ಬಣ್ಣ ದಾಟಿ ಬಿಳಿ ಕಾಗದಕ್ಕೆ ಬಡಿದು ವಾಪಸ್ ಬರತ್ತೆ. ನಮ್ಮ ಕ್ಯಾನ್ವಾಸಲ್ಲಿ ಆ ಕಾಗದದ ಕೆಲಸನ ಈ ತಿಳಿ ಬೂದು ಮಾಡ್ಬೇಕು. ಕೆಳಗೆ ಕತ್ತಲೆ ಇದ್ರೆ ಮೇಲೆ ಎಷ್ಟು ದುಬಾರಿ ಕ್ರಿಮ್ಸನ್ ಹಾಕಿದ್ರೂ ಹೊಳೆಯಲ್ಲ.

ಬಿಳಿನ ದಪ್ಪಗೆ ಮೆತ್ಬೇಡಿ, ಅದು ನಿಧಾನ ಒಣಗೋ ಬಣ್ಣ ಅಂತ ಆಗ್ಲೇ ಹೇಳಿದೀನಿ. ಝಿಂಕ್ ವೈಟ್ ಅಂತೂ ಕೆಳಪದರಕ್ಕೆ ಬೇಡ, ವರ್ಷ ಕಳೆದಂಗೆ ಪೆಡಸಾಗಿ ಬಿರುಕು ಬಿಡತ್ತೆ. ಒಣಗೋಕೆ ನನಗೆ 9 ದಿನ ಹಿಡೀತು.

ಒಣಗಿದೆ ಅಂತ ತಿಳ್ಕೊಳೋದು ಹೇಗೆ

ಬೆರಳಿಟ್ಟು ನೋಡಿ ಅಂಟ್ಲಿಲ್ಲ ಅಂದ್ರೆ ಸಾಲಲ್ಲ. ಮೂಲೇಲಿ ಉಗುರು ಒತ್ತಿ, ಗುರುತು ಬಿದ್ರೆ ಒಳಗೆ ಹಸಿ. ಆಮೇಲೆ ಕಿವಿಗೆ ಹಾಕೋ ಬಡ್ಸ್‌ನ ಟರ್ಪ್ಸಲ್ಲಿ ಅದ್ದಿ, ಹಿಂಡಿ, ಮೆಲ್ಲಗೆ ಒಂದು ಸಲ ಸವರಿ, ಬಣ್ಣ ಬಂದ್ರೆ ಇನ್ನೂ ಬಿಡಿ. ನಾನು ಇದೇ ಚಿತ್ರದಲ್ಲಿ ಆರನೇ ದಿನಕ್ಕೇ ತಡೀಲಾರ್ದೆ ಸೆರಗಿನ ಮೂಲೆಗೆ ಬಣ್ಣ ಹಚ್ಚೋಕೆ ಹೋಗಿ, ಬ್ರಷ್ ಜೊತೆ ಕೆಳಗಿನ ಬೂದು ಕಿತ್ತು ಬಂದು, ಮೊಣಕಾಲು ತರಚಿದಂಗೆ ಒಂದು ರೂಪಾಯಿ ಅಗಲದ ಕ್ಯಾನ್ವಾಸ್ ಕಾಣಿಸ್ಕೊಳ್ತು. ಅದನ್ನ ಮತ್ತೆ ಬೂದು ಹಚ್ಚಿ ಮುಚ್ಚಿ ಕಾದಿದ್ದಕ್ಕೇ 9 ದಿನ ಆಗಿದ್ದು.

ತೀರ್ಥಹಳ್ಳಿ, ಸಾಗರ, ಮಡಿಕೇರಿ ಕಡೆಯವ್ರು ಮಳೆಗಾಲದಲ್ಲಿ ನಾನು ಹೇಳೋ ದಿನಗಳನ್ನ ಎರಡು ಮೂರು ಪಟ್ಟು ಮಾಡ್ಕೊಳಿ. ಕ್ಯಾನ್ವಾಸ್ ಹಿಂದೆ ಬೂಷ್ಟು ಬರ್ದಂಗೆ ಗೋಡೆಗೆ ತಾಗಿಸ್ದೆ ಇಡಿ. ಧೂಳು ಕೂರತ್ತೆ ಅಂತ ಮುಖ ಗೋಡೆ ಕಡೆ ಮಾಡಿ ತಿಂಗಳುಗಟ್ಟಲೆ ಇಡ್ಬೇಡಿ, ಕತ್ತಲಲ್ಲಿ ಲಿನ್ಸೀಡ್ ಹಳದಿ ತಿರುಗತ್ತೆ. ಅಂಥದ್ದನ್ನ ಕೆಲವು ದಿನ ಬೆಳಕಲ್ಲಿಟ್ರೆ ಬಹುಪಾಲು ಸರಿಹೋಗತ್ತೆ, ಗಾಬರಿ ಆಗ್ಬೇಡಿ. ಅವಸರ ಇದ್ರೆ ಲಿಕ್ವಿನ್ ಥರದ ಆಲ್ಕಿಡ್ ಮೀಡಿಯಂ ಸಿಗತ್ತೆ, ತೆಳು ಪದರ ಒಂದು ದಿನದಲ್ಲಿ ಮುಟ್ಟೋ ಹಾಗಾಗತ್ತೆ, ವಾಸನೆ ತಡ್ಕೋಬೇಕು, ಕಿಟಕಿ ತೆಗೆದಿರ್ಬೇಕು.

ಹಂತ 4: ಮೊದಲ ಬಣ್ಣ

ಈಗ ಸೆರಗಿಗೆ ಲೈಟ್ ರೆಡ್, ಅಂದ್ರೆ ಮಂಗಳೂರು ಹೆಂಚಿನ ಕೆಂಪು. ಚೊಂಬಿಗೆ ಓಕರ್, ನೆರಳಿಗೆ ಅಂಬರ್. 3ಕ್ಕೆ 1 ಮೀಡಿಯಂ. ತೆಳ್ಳಗೆ ಹಚ್ಚಿ, ಕೆಳಗಿನ ಬೂದು ಅಲ್ಲಲ್ಲಿ ಕಂಡ್ರೆ ಒಳ್ಳೇದೇ. ಈ ಹಂತದಲ್ಲಿ ಚಿತ್ರ ಕೆಟ್ಟದಾಗಿ ಕಾಣತ್ತೆ. ಕಾಣಲೇಬೇಕು. ಇಲ್ಲೇ ಎಷ್ಟೋ ಜನ ಬೇಜಾರಾಗಿ ಬಿಟ್ಬಿಡ್ತಾರೆ, ಫೋಟೋ ಕಳ್ಸಿ "ಇದು ಆಗಲ್ಲ ಬಿಡಿ" ಅಂತಾರೆ, ನಾನು ಒಂದು ವಾರ ಒಣಗಿಸಿ ಮುಂದಿನ ಹಂತ ನೋಡಿ ಅಂತೀನಿ.

ಹಿತ್ತಾಳೆಗೆ ಗೋಲ್ಡ್ ಪೇಂಟ್ ಬಳಸ್ಬೇಡಿ ಪ್ಲೀಸ್. ಲಂಡನ್ನಿನ ನ್ಯಾಷನಲ್ ಗ್ಯಾಲರೀಲಿರೋ ಯಾನ್ ವಾನ್ ಐಕ್‌ನ 1434ರ ಆರ್ನೋಲ್ಫಿನಿ ಚಿತ್ರದಲ್ಲಿ ಒಂದು ಹಿತ್ತಾಳೆ ತೂಗುದೀಪ ಇದೆ, ಝೂಮ್ ಮಾಡಿ ನೋಡಿ. ಹಳದಿ, ಕಂದು, ಕಡು ನೆರಳು, ಪಕ್ಕದಲ್ಲೇ ಚುಕ್ಕಿ ಬೆಳಕು, ಅಷ್ಟರಲ್ಲೇ ಲೋಹ ಆಗಿದೆ. ಕತ್ತಲೆಯ ಪಕ್ಕಕ್ಕೇ ತಟ್ಟನೆ ಬೆಳಕು ಬಂದ್ರೆ ಕಣ್ಣು ಅದನ್ನ ಲೋಹ ಅಂತ ಓದತ್ತೆ, ನಡುವೆ ಮೆತ್ತಗೆ ತಿಕ್ಕಿ ಬೆರೆಸಿದ್ರೆ ಮಣ್ಣಿನ ಮಡಕೆ ಆಗತ್ತೆ.

ಹಂತ 5: ಗ್ಲೇಜ್

ಗ್ಲೇಜ್ ಅಂದ್ರೆ ಪಾರದರ್ಶಕ ಬಣ್ಣನ ಮೀಡಿಯಂ ಜೊತೆ ತೆಳುವಾಗಿಸಿ, ಪೂರ್ತಿ ಒಣಗಿದ ಪದರದ ಮೇಲೆ ಹಚ್ಚೋದು, ಕೆಳಗಿನ ಚಿತ್ರಕ್ಕೆ ಬಣ್ಣದ ಜಿಲೇಟಿನ್ ಹಾಳೆ ಮುಚ್ಚಿದಂಗೆ. ಕಡಲೆಕಾಳಷ್ಟು ಕ್ರಿಮ್ಸನ್, ಮೂರು ನಾಲ್ಕು ಹನಿ 2ಕ್ಕೆ 1 ಮೀಡಿಯಂ. ಮೆತ್ತಗಿನ ಬ್ರಷಲ್ಲಿ ಹಚ್ಚಿ, ಅಗಲ ಒಣ ಬ್ರಷಲ್ಲಿ ಗರಿ ಸವರಿದಂಗೆ ಸವರಿ ಗೆರೆ ಹೋಗಿಸಿ, ಮಡಿಕೆಯ ಬೆಳಕಿರೋ ಏಣಿನ ಮೇಲೆ ಬನಿಯನ್ ಬಟ್ಟೇಲಿ ಒಂದು ಸಲ ಒತ್ತಿ ತೆಗೀರಿ. ಮಡಿಕೆಯ ಗುಂಡೀಲಿ ಬಣ್ಣ ತಾನಾಗೇ ನಿಲ್ಲತ್ತೆ, ಏಣು ಹೊಳೆಯತ್ತೆ. ಆ ಕ್ಷಣ ನೋಡೋಕೆ ಚೆಂದ, ಹೆಂಚಿನ ಬಣ್ಣ ಇದ್ದಿದ್ದು ಕಣ್ಣೆದುರೇ ರೇಷ್ಮೆ ಆಗತ್ತೆ.

ಒಂದು ವಾರ ಬಿಟ್ಟು ಎರಡನೇ ಸಲ. ಒಂದೇ ದಪ್ಪ ಗ್ಲೇಜಿಗಿಂತ ಎರಡು ತೆಳು ಗ್ಲೇಜ್ ಯಾವತ್ತೂ ಮೇಲು. ಗ್ಲೇಜಿಗೆ ಬಿಳಿ ಬೆರೆಸ್ಬೇಡಿ, ಬೆರೆಸಿದ್ರೆ ಮಂಜು ಕವಿದಂಗಾಗತ್ತೆ. ಮಂಜೇ ಬೇಕಾದ್ರೆ ಅದಕ್ಕೆ ಸ್ಕಂಬಲ್ ಅಂತ ಬೇರೆ ವಿಧಾನ ಇದೆ, ತಿಳಿ ಬಣ್ಣನ ಒಣ ಬ್ರಷಲ್ಲಿ ಮೇಲೆ ತೇಲಿಸಿ ಉಜ್ಜೋದು, ನಾನು ಹಿಂದಿನ ಗೋಡೆಗೆ ಅದನ್ನೇ ಮಾಡ್ದೆ. ಚೊಂಬಿಗೆ ರಾ ಸಿಯೆನಾ ಗ್ಲೇಜು, ಸೆರಗಿನ ಕೆಂಪು ಪ್ರತಿಫಲಿಸೋ ಅಡಿಭಾಗಕ್ಕೆ ಬರ್ನ್ಟ್ ಸಿಯೆನಾ.

ಕ್ರಿಮ್ಸನ್ ಬಗ್ಗೆ ಹೇಳ್ತೀನಿ ಅಂದಿದ್ನಲ್ಲ. ಟ್ಯೂಬ್ ಹಿಂದೆ ಪಿಗ್ಮೆಂಟ್ ಕೋಡ್ ಇರತ್ತೆ, ಪಿಆರ್ 83 ಅಂತಿದ್ರೆ ಅದು ಹಳೇ ಅಲಿಝರಿನ್, ತೆಳ್ಳಗೆ ಹಚ್ಚಿದಾಗ ಬೆಳಕಿಗೆ ಮಾಸತ್ತೆ. ಕ್ವಿನಾಕ್ರಿಡೋನ್ ಇಲ್ಲಾಂದ್ರೆ ಪರ್ಮನೆಂಟ್ ಅಲಿಝರಿನ್ ಅಂತ ಇರೋದು ತಗೊಳಿ. ಹದಿನೆಂಟನೇ ಶತಮಾನದ ಇಂಗ್ಲೆಂಡಲ್ಲಿ ಜೋಶುವಾ ರೆನಾಲ್ಡ್ಸ್ ದೊಡ್ಡ ಹೆಸರಿನ ಕಲಾವಿದ, ಬೇಗ ಮಾಸೋ ಕೆಂಪು ಬಳಸಿ ಆತ ಬರೆದ ಮುಖಗಳು ಆತ ಬದುಕಿದ್ದಾಗ್ಲೇ ಬಿಳಿಚಿಕೊಂಡ್ವು. ಕೆಳಪದರಕ್ಕೆ ಮಾಸೋ ಬಣ್ಣ ಹಾಕಿದ್ರೆ ಹೇಗೋ ಮುಚ್ಚಿ ಹೋಗತ್ತೆ, ಗ್ಲೇಜ್ ಅಂದ್ರೆ ಮೇಲಿನ ಚರ್ಮ, ಅಡಗಿಸೋಕಾಗಲ್ಲ.

ಹಂತ 6: ಮಂಕಾದ ಜಾಗ ಎಬ್ಬಿಸೋದು

ಒಣಗಿದ್ಮೇಲೆ ಚಿತ್ರ ಅಲ್ಲಲ್ಲಿ ಬೂದಿ ಬಳ್ದಂಗೆ ಮಂಕಾಗಿದ್ರೆ ಮೇಲಿನ ಎಣ್ಣೆನ ಕೆಳಗಿನ ಪದರ ಹೀರಿದೆ ಅಂತ ಅರ್ಥ. ಅಂಬರ್ ಇರೋ ಕಡೆ ಇದು ಜಾಸ್ತಿ. ಇದನ್ನ ನೋಡಿ ಬಣ್ಣ ಕೆಟ್ಟೋಯ್ತು ಅಂತ ಮತ್ತೆ ಕಪ್ಪು ಹಚ್ಬೇಡಿ. ಲಿನ್ಸೀಡಿಗೆ ಅಷ್ಟೇ ಟರ್ಪ್ಸ್ ಸೇರಿಸಿ ಬಟ್ಟೇಲಿ ಅದ್ದಿ ಆ ಜಾಗಕ್ಕೆ ತೆಳ್ಳಗೆ ಉಜ್ಜಿ, ಐದು ನಿಮಿಷ ಬಿಟ್ಟು ಉಳಿದಿದ್ದನ್ನೆಲ್ಲ ಒರೆಸಿ ತೆಗೀರಿ. ಆಯಿಲಿಂಗ್ ಔಟ್ ಅಂತಾರೆ. ಹಚ್ಚಿದ ಕೂಡ್ಲೇ ನಿಜವಾದ ಬಣ್ಣ ಎದ್ದು ಬರತ್ತೆ, ಅದನ್ನ ನೋಡ್ಕೊಂಡೇ ಮುಂದಿನ ಬಣ್ಣ ಕಲೆಸಿ. ಮಂಕಾಗದ ಕಡೆ ಹಚ್ಬೇಡಿ.

ಹಂತ 7: ಕೊನೇ ಪದರ

ಸೆರಗಿನ ಬಿಳಿ ತೆನೆಗಳನ್ನ ಗ್ಲೇಜ್ ಒಣಗಿದ್ಮೇಲೆ ಬರೀರಿ, ಮೊದಲೇ ಬಿಳಿ ಹಾಕಿ ಅದರ ಸುತ್ತ ಕೆಂಪು ತುಂಬೋಕೆ ಹೋದ್ರೆ ಗುಲಾಬಿ ಆಗತ್ತೆ. ಆ ಬಿಳಿನೂ ಬರೀ ಬಿಳಿ ಅಲ್ಲ, ನೆರಳಲ್ಲಿರೋ ತೆನೆ ಬೂದುಗೆಂಪು, ಬೆಳಕಲ್ಲಿರೋದು ಕೆನೆ ಬಣ್ಣ. ಎಲ್ಲಾ ತೆನೆನೂ ಎಣಿಸಿ ಬರೀಬೇಕಾಗಿಲ್ಲ, ಬೆಳಕು ಬಿದ್ದಿರೋ ನಾಲ್ಕು ಸರಿಯಾಗಿ ಬರೆದು ಮಿಕ್ಕಿದ್ದು ಸುಳಿವು ಕೊಟ್ರೆ ನೋಡೋರ ಕಣ್ಣು ತುಂಬ್ಕೊಳತ್ತೆ. ಚೊಂಬಿನ ಹೊಳಪಿನ ಚುಕ್ಕಿಗೆ ಬಿಳಿಗೆ ಕೂದಲೆಳೆಯಷ್ಟು ಲೆಮನ್ ಯೆಲ್ಲೋ. ಪಿಂಗಾಣಿ ಬಟ್ಟಲಿನ ಹೊಳಪು ಬಿಳಿ, ಹಿತ್ತಾಳೆಯ ಹೊಳಪಿಗೆ ಹಿತ್ತಾಳೆಯದೇ ಬಣ್ಣ ಇರತ್ತೆ. ಈ ಚುಕ್ಕಿ ಮಾತ್ರ ದಪ್ಪಗೆ, ಇಡೀ ಚಿತ್ರದಲ್ಲಿ ದಪ್ಪ ಬಣ್ಣ ಇರೋದು ಇದೊಂದೇ ಕಡೆ. ಇಟ್ಟು ಕೈ ತೆಗೀರಿ, ತಿದ್ದೋಕೆ ಹೋಗ್ಬೇಡಿ.

ಊಟಕ್ಕೆ ಮುಂಚೆ ಉಗುರಿನ ಸಂದಿವರೆಗೂ ಸೋಪಲ್ಲಿ ಕೈ ತೊಳೀರಿ, ನಾವು ಕೈಯಲ್ಲೇ ಉಣ್ಣೋರು. ಬ್ರಷ್ ತೊಳೆದ ಟರ್ಪ್ಸ್‌ನ ಸಿಂಕಿಗೆ ಚೆಲ್ಬೇಡಿ, ಬಾಟಲಿಯಲ್ಲಿ ಎರಡು ದಿನ ಬಿಟ್ರೆ ಬಣ್ಣ ತಳ ಸೇರತ್ತೆ, ಮೇಲಿನ ತಿಳಿ ಬಗ್ಗಿಸ್ಕೊಂಡು ಮತ್ತೆ ಬಳಸಿ.

ಹಂತ 8: ವಾರ್ನಿಶ್

ಚಿತ್ರ ಮುಗಿದು ಕನಿಷ್ಠ 6 ತಿಂಗಳು, ದಪ್ಪ ಬಣ್ಣ ಇದ್ರೆ ಒಂದು ವರ್ಷ ಬಿಟ್ಟು. ಅಷ್ಟರೊಳಗೆ ಎಕ್ಸಿಬಿಷನ್ ಬಂದ್ರೆ ರೀಟಚ್ ವಾರ್ನಿಶ್ ಅಂತ ತೆಳ್ಳಗಿನದು ಸಿಗತ್ತೆ, ಅದನ್ನ ಹೊಡೀಬೋದು. ಕೊನೇ ವಾರ್ನಿಶ್ ತಗೊಳುವಾಗ ಮುಂದೆ ಬೇಕಾದ್ರೆ ತೆಗೀಬೋದಾದ್ದು ಅಂತ ಲೇಬಲ್ ಮೇಲೆ ಇದೆಯಾ ನೋಡಿ, ಧೂಳು ಹೊಗೆ ಕೂತಾಗ ಅದನ್ನ ತೆಗೆದು ಹೊಸದು ಹಚ್ಬೋದು. ಫ್ರೇಮ್ ಹಾಕಿಸೋಕೆ ಕೊಡುವಾಗ "ಮೇಲೆ ಏನೂ ಹಚ್ಬೇಡಿ" ಅಂತ ಹಿಂದುಗಡೆ ಚೀಟಿ ಅಂಟಿಸಿ. ಹಿಂದೊಂದು ಸಲ ಒಬ್ರು ಫ್ರೇಮಿನವ್ರು ಪಾಪ ಒಳ್ಳೇ ಮನಸ್ಸಿಂದಾನೇ ಹೊಳಪು ಬರ್ಲಿ ಅಂತ ನನ್ನ ಚಿತ್ರಕ್ಕೆ ಫರ್ನಿಚರ್ ವಾರ್ನಿಶ್ ಬಳ್ದಿದ್ರು, ಅದು ಈಗ ಜೇನುತುಪ್ಪದ ಬಣ್ಣಕ್ಕೆ ತಿರುಗಿದೆ, ತೆಗೆಯೋಕೂ ಆಗ್ತಿಲ್ಲ.

ಹಚ್ಚೋಕೆ ಮುಂಚೆ ಮತ್ತೆ ಅದೇ ಬಡ್ಸ್ ಟೆಸ್ಟು. ಚೊಂಬಿನ ಚಿತ್ರ ಮಾರ್ಚ್ ಮಧ್ಯದಲ್ಲಿ ಮುಗಿದಿತ್ತು, ಸೆಪ್ಟೆಂಬರ್ ಮಧ್ಯಕ್ಕೆ 6 ತಿಂಗಳಾಯ್ತು ಅಂತ ಬಡ್ಸ್ ಸವರಿದ್ರೆ ಚೊಂಬು, ಗೋಡೆ ಎಲ್ಲಾ ಕ್ಲೀನು, ಸೆರಗಿನ ಕೆಂಪು ಮಾತ್ರ ಹತ್ತಿಗೆ ತೆಳ್ಳಗೆ ಅಂಟ್ತು. ವಾರ್ನಿಶ್ ಬಾಟಲಿ ಮುಚ್ಚಳ ತೆಗೀದೇ ವಾಪಸ್ ಇಟ್ಟೆ, ಡಿಸೆಂಬರಲ್ಲಿ ಮತ್ತೆ ನೋಡ್ಬೇಕು.